ದೇವರ ಗೂಡಿನ ಒಂದು ಡಾಲರ್

ನಮ್ಮ ಮನೆಯ ದೇವರ ಗೂಡಿನಲ್ಲಿ ಲಕ್ಷ್ಮಿಯ ಪಟದ ಹಿಂದೆ ಕೆನಡಾದ ಒಂದು ಡಾಲರಿನ ಹಳೆಯ ನೋಟೊಂದಿದೆ. 1988ರಲ್ಲಿ ಟೊರಾಂಟೊಗೆ ಬಂದ ಹೊಸತರಲ್ಲಿ ಕೈಸೇರಿದ ಮೊದಲ ಸಂಬಳದಿಂದ ತೆಗೆದಿಟ್ಟದ್ದು. ಮೊದಲ ದುಡಿಮೆಯದು ಒಂದು ರೂಪಾಯಿಯಾದರೂ ದೇವರ ಮುಂದಿರಬೇಕು ಎಂದು ಊರಿನಿಂದ ಹೊರಡುವಾಗ ಅಮ್ಮ ಹೇಳಿ ಕಳಿಸಿದ್ದಳು. ರೂಪಾಯಿ ನಡೆಯದ ಊರಿನಲ್ಲಿ ಡಾಲರನ್ನೇ ಇಟ್ಟೆ. ನೋಟಿನ ಮುಂಭಾಗದಲ್ಲಿ ಎರಡನೇ ಎಲಿಜಬೆತ್ ರಾಣಿ. ಹಿಂಭಾಗದಲ್ಲಿ ಒಟ್ಟಾವಾ ನದಿ, ನೀರಿನ ಮೇಲೆ ತೇಲುವ ಮರದ ದಿಮ್ಮಿಗಳು, ದಡದ ಗುಡ್ಡದ ಮೇಲೆ ಪಾರ್ಲಿಮೆಂಟ್ ಭವನ.

2021ರ ಜನವರಿ 1ರಿಂದ ಈ ನೋಟು ಕಾನೂನಿನ ಪ್ರಕಾರ ಚಲಾವಣೆಯ ಹಣವಲ್ಲ. ಅಂದು ಕೆನಡಾ ಸರ್ಕಾರ 1, 2, 25, 500 ಮತ್ತು 1000 ಡಾಲರಿನ ಹಳೆಯ ನೋಟುಗಳ ಮಾನ್ಯತೆಯನ್ನು ಒಟ್ಟಿಗೇ ತೆಗೆದುಹಾಕಿತು. ಬ್ಯಾಂಕ್ ಆಫ್ ಕೆನಡಾಗೆ ಕಳಿಸಿದರೆ ಈಗಲೂ ಅದರ ಬೆಲೆ ಕೊಡುತ್ತಾರೆ. ಆದರೆ ಅಂಗಡಿಯವನು ತೆಗೆದುಕೊಳ್ಳಲೇಬೇಕೆಂಬ ನಿಯಮವಿಲ್ಲ. ಸುದ್ದಿ ಓದಿ ಹೇಳಿದಾಗ ನನ್ನ ಹೆಂಡತಿ ನಕ್ಕು, "ದೇವರಿಗೇ ಸವಕಲು ದುಡ್ಡು ಕೊಟ್ಟ ಹಾಗಾಯಿತಲ್ಲ, ಈಗಲಾದರೂ ಬದಲಾಯಿಸಿ" ಎಂದಳು. ಬದಲಾಯಿಸಲು ಮನಸ್ಸು ಬರಲಿಲ್ಲ. ಆ ನೋಟಿಗೆ ಏನಾಯಿತು, ಅದರ ಜಾಗಕ್ಕೆ ಬಂದದ್ದು ಏನು ಎಂದು ಹುಡುಕುತ್ತಾ ಹೋದೆ. ಈ ಬರಹ ಅದರ ಫಲ.

ನಾನು ಬಂದಾಗ ಇಲ್ಲಿ ಒಂದು ಡಾಲರಿನ ನೋಟೂ ನಾಣ್ಯವೂ ಒಟ್ಟಿಗೇ ಓಡಾಡುತ್ತಿದ್ದವು. ನಾಣ್ಯಕ್ಕೆ ಆಗ ಬರೀ ಒಂದು ವರ್ಷದ ಪ್ರಾಯ. ಚಿನ್ನದ ಬಣ್ಣ, ಹನ್ನೊಂದು ಮೂಲೆ. ಒಂದು ಬದಿಯಲ್ಲಿ ರಾಣಿ, ಇನ್ನೊಂದು ಬದಿಯಲ್ಲಿ ಸರೋವರದ ಮೇಲೆ ತೇಲುವ ಲೂನ್ ಎಂಬ ನೀರುಹಕ್ಕಿ. ಕೈಯಲ್ಲಿ ಹಿಡಿದರೆ ಏಳು ಗ್ರಾಂ ಭಾರ. ನನಗಂತೂ ಅದು ದೊಡ್ಡ ಕಿರಿಕಿರಿ. ನಾಲ್ಕು ನಾಣ್ಯ ಸೇರಿದರೆ ಪ್ಯಾಂಟಿನ ಜೇಬು ಜೋಲುತ್ತಿತ್ತು. ನಮ್ಮಜ್ಜಿ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಎಲೆಅಡಿಕೆ ಸಂಚಿಯಂಥದ್ದು ಒಂದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಸರ್ಕಾರದ ಲೆಕ್ಕ ಸರಳವಾಗಿತ್ತು. ಚಿಕ್ಕ ಮುಖಬೆಲೆಯ ನೋಟು ದಿನಕ್ಕೆ ಹತ್ತು ಕೈ ಬದಲಾಗುತ್ತದೆ, ಬೇಗ ಹರಿಯುತ್ತದೆ. ಒಂದು ಡಾಲರಿನ ನೋಟು ಒಂದು ವರ್ಷವೂ ಬಾಳುತ್ತಿರಲಿಲ್ಲ. ನಾಣ್ಯ ಮಾಡುವ ಖರ್ಚು ಹೆಚ್ಚು, ಆದರೆ ಅದು ಇಪ್ಪತ್ತು ವರ್ಷ ಬಾಳುತ್ತದೆ. ಇಪ್ಪತ್ತು ವರ್ಷಗಳಲ್ಲಿ ಕಡಿಮೆಯೆಂದರೂ 17.5 ಕೋಟಿ ಡಾಲರ್ ಉಳಿತಾಯ ಎಂಬ ಅಂದಾಜಿನೊಡನೆ 1986ರಲ್ಲಿ ಹೊಸ ನಾಣ್ಯದ ಘೋಷಣೆಯಾಯಿತು. ಕಾಸು ಹಾಕಿದರೆ ತಿಂಡಿ ಕೊಡುವ ಯಂತ್ರಗಳ ಮಾಲೀಕರೂ ನಗರ ಸಾರಿಗೆಯವರೂ ಇದನ್ನು ಬಹಳ ದಿನಗಳಿಂದ ಕೇಳುತ್ತಿದ್ದರು. ಬೆರಳಿನಲ್ಲೇ ಹಣ ಗುರುತಿಸಬೇಕಾದ ದೃಷ್ಟಿಹೀನರಿಗೂ ನಾಣ್ಯ ಬೇಕಾಗಿತ್ತು.

ಲೂನ್ ಹಕ್ಕಿ ನಾಣ್ಯದ ಮೇಲೆ ಬಂದದ್ದು ಮಾತ್ರ ಯಾವ ಲೆಕ್ಕಾಚಾರದಿಂದಲೂ ಅಲ್ಲ, ಒಂದು ಕಳವಿನಿಂದ. ಹೊಸ ನಾಣ್ಯದ ಮೇಲೆ ಮೊದಲು ಇರಬೇಕಾಗಿದ್ದದ್ದು ದೋಣಿ ನಡೆಸುವ ಇಬ್ಬರ ಚಿತ್ರ: ತುಪ್ಪಳದ ವ್ಯಾಪಾರಕ್ಕೆ ಹೋಗುವ ವಾಯೇಜರ್ ಮತ್ತು ಅವನ ಜೊತೆ ಒಬ್ಬ ಮೂಲನಿವಾಸಿ. ಶಿಲ್ಪಿ ಇಮ್ಯಾನ್ಯುಯಲ್ ಹಾನ್ ರೂಪಿಸಿದ ಈ ಚಿತ್ರ 1935ರಿಂದಲೂ ಕೆನಡಾದ ಬೆಳ್ಳಿ ಡಾಲರಿನ ಮೇಲೆ ಇತ್ತು. ಅದರ ಮೂಲ ಅಚ್ಚುಗಳನ್ನು 1986ರ ನವೆಂಬರಿನಲ್ಲಿ ಒಟ್ಟಾವಾದಿಂದ ವಿನಿಪೆಗ್‌ನ ಟಂಕಸಾಲೆಗೆ ಕಳಿಸಿದರು. ಕಾವಲಿನ ವಾಹನಕ್ಕೆ ಕೊಡದೆ ಸಾಮಾನ್ಯ ಕೊರಿಯರ್‌ನಲ್ಲಿ ಹಾಕಿ ಉಳಿಸಿದ್ದು 43 ಡಾಲರ್ 50 ಸೆಂಟ್. ನಾಣ್ಯದ ಎರಡು ಮುಖಗಳ ಅಚ್ಚೂ ಒಟ್ಟಿಗೇ ಹೋಗಿದ್ದವು. ಪೊಟ್ಟಣ ವಿನಿಪೆಗ್ ಮುಟ್ಟಲೇ ಇಲ್ಲ, ಇಂದಿಗೂ ಸಿಕ್ಕಿಲ್ಲ. ಯಾರೋ ಮನೆಯಲ್ಲಿ ಕೂತು ಕಳ್ಳ ಡಾಲರ್ ಅಚ್ಚು ಹಾಕಬಹುದೆಂಬ ಭಯದಿಂದ ಚಿತ್ರವನ್ನೇ ಬದಲಿಸಬೇಕಾಯಿತು. ಒಂಟಾರಿಯೊದ ಎಕೋ ಬೇ ಎಂಬ ಪುಟ್ಟ ಊರಿನ ಕಲಾವಿದ ರಾಬರ್ಟ್ ರಾಲ್ಫ್ ಕಾರ್ಮೈಕಲ್ ಬಿಡಿಸಿದ ಹಕ್ಕಿಗೆ ಹೀಗೆ ಅದೃಷ್ಟ ಖುಲಾಯಿಸಿತು. 1987ರ ಜೂನ್ 30ರಂದು ನಾಣ್ಯ ಹೊರಬಂತು. ಜನ ಅದನ್ನು 'ಲೂನಿ' ಎಂದು ಕರೆದರು. ತಲೆಕೆಟ್ಟವನು ಎಂಬ ಅರ್ಥದ ಇಂಗ್ಲಿಷ್ ಮಾತೂ ಇದೇ ಆದ್ದರಿಂದ ಹೆಸರಿನಲ್ಲಿ ಸ್ವಲ್ಪ ಗೇಲಿಯೂ ಇತ್ತು. ಇಂದು ವಿದೇಶಿ ವಿನಿಮಯದ ಸುದ್ದಿ ಓದುವವರು ದೇಶದ ಕರೆನ್ಸಿಯನ್ನೇ ಗಂಭೀರವಾಗಿ 'ಲೂನಿ' ಎನ್ನುತ್ತಾರೆ.

ಜನ ಅದನ್ನು ಒಪ್ಪಿದ್ದು ಇಷ್ಟಪಟ್ಟೇ ಏನಲ್ಲ. ಒಂದು ಡಾಲರಿನ ಕೊನೆಯ ನೋಟುಗಳು 1989ರ ಏಪ್ರಿಲ್‌ನಲ್ಲಿ ಅಚ್ಚಾದವು. ಅದೇ ವರ್ಷದ ಜೂನ್ 30ಕ್ಕೆ ಬ್ಯಾಂಕು ಅವನ್ನು ಕೊಡುವುದನ್ನೇ ನಿಲ್ಲಿಸಿತು. ಬೇರೆ ದಾರಿಯಿಲ್ಲದೆ ನಾವು ಜೇಬು ಹೊಲಿಸಿಕೊಂಡೆವು. ಬ್ರಿಟನ್ ಕೂಡ ಹೀಗೆಯೇ ಮಾಡಿತು: 1983ರಲ್ಲಿ ಪೌಂಡಿನ ನಾಣ್ಯ ತಂದು 1988ರಲ್ಲಿ ನೋಟನ್ನು ಹಿಂತೆಗೆದುಕೊಂಡಿತು. ಗಡಿಯಾಚೆಯ ಅಮೆರಿಕದಲ್ಲಿ ಮಾತ್ರ ಕತೆ ಬೇರೆ. ಅವರು 1979ರಲ್ಲಿ ಸೂಸನ್ ಬಿ. ಆಂಥೋನಿಯ ಚಿತ್ರವಿರುವ ಡಾಲರ್ ನಾಣ್ಯ ತಂದರು. ಅದು ಕಾಲು ಡಾಲರಿನ ನಾಣ್ಯವನ್ನೇ ಹೋಲುತ್ತದೆಂದು ಜನ ಬಯ್ದರು. 2000ದಲ್ಲಿ ಸಕಾಜವೇಯ ಎಂಬ ಮೂಲನಿವಾಸಿ ಹೆಣ್ಣುಮಗಳ ಚಿತ್ರದ ಚಿನ್ನದ ಬಣ್ಣದ ನಾಣ್ಯ ತಂದರು. 2007ರಿಂದ ಅಧ್ಯಕ್ಷರ ಮುಖಗಳನ್ನು ಒಂದೊಂದಾಗಿ ತಂದರು. ನೋಟನ್ನು ಮಾತ್ರ ನಿಲ್ಲಿಸಲಿಲ್ಲ. ಎರಡೂ ಎದುರಿಗಿದ್ದರೆ ಮನುಷ್ಯ ಹಗುರವಾದದ್ದನ್ನೇ ಎತ್ತಿಕೊಳ್ಳುತ್ತಾನೆ. ಡೆಟ್ರಾಯಿಟ್‌ನ ನಂಟರ ಮನೆಗೆ ಹೋದಾಗಲೆಲ್ಲ ಅವರ ಪರ್ಸಿನಲ್ಲಿ ಇನ್ನೂ ಮೆತ್ತನೆಯ ಒಂದು ಡಾಲರಿನ ಕಟ್ಟು ಕಂಡು ನನಗೆ ಹೊಟ್ಟೆಕಿಚ್ಚು.

1996ರ ಫೆಬ್ರವರಿಯಲ್ಲಿ ಎರಡು ಡಾಲರಿನ ನೋಟೂ ಹೋಯಿತು. ಅದರ ಜಾಗಕ್ಕೆ ಹಿಮಕರಡಿಯಿರುವ, ಎರಡು ಲೋಹಗಳ 'ಟೂನಿ' ಬಂತು. ಮೊದಲ ಕಂತಿನ ಕೆಲವು ನಾಣ್ಯಗಳ ನಡುವಿನ ಬಿಲ್ಲೆ ಕಳಚಿಬೀಳುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ನಿಜವೋ ಸುಳ್ಳೋ ನೋಡೋಣವೆಂದು ಸುತ್ತಿಗೆ ಹಿಡಿದವರೂ ಫ್ರೀಜರಿನಲ್ಲಿಟ್ಟವರೂ ಇದ್ದರು. 2013ರ ಫೆಬ್ರವರಿ 4ಕ್ಕೆ ಒಂದು ಸೆಂಟಿನ ಸರದಿ. ಅದನ್ನು ಮಾಡಲು ಒಂದೂವರೆ ಸೆಂಟಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಅಂದಿನಿಂದ ನಗದು ಕೊಡುವವರ ಲೆಕ್ಕ ಐದು ಸೆಂಟಿಗೆ ಸರಿಹೊಂದುತ್ತದೆ.

ನಮ್ಮ ದೇಶದಲ್ಲಿ ಈ ಕತೆ ಉಲ್ಟಾ ನಡೆದಿತ್ತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು, ರೂಪಾಯಿ ನಾಣ್ಯಕ್ಕೆ ಬೇಕಾದ ಬೆಳ್ಳಿ ಸಿಗದಾದಾಗ, 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿಯ ನೋಟು ಹೊರಡಿಸಿತು. ನಾಣ್ಯ ಹೋಗಿ ಕಾಗದ ಬಂತು. ಕಾಗದವನ್ನು ಜನ ನಂಬಲಿ ಎಂದೋ ಏನೋ, ನೋಟಿನ ಮೇಲೆ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚು ಹಾಕಿದರು. ಆಮೇಲೆ ನಿಲ್ಲುತ್ತಾ ಬರುತ್ತಾ ಇದ್ದ ಆ ನೋಟಿನ ಮುದ್ರಣವನ್ನು ಖರ್ಚು ಹೆಚ್ಚೆಂದು 1994ರಲ್ಲಿ ನಿಲ್ಲಿಸಿ, 2015ರಲ್ಲಿ ಮತ್ತೆ ಶುರುಮಾಡಿದರು. ಬೇರೆ ನೋಟುಗಳಿಗೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ. ಇದಕ್ಕೆ ಮಾತ್ರ ಹಣಕಾಸು ಕಾರ್ಯದರ್ಶಿಯದು. ಅದಕ್ಕಿಂತ ಸ್ವಾರಸ್ಯವೆಂದರೆ, 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿಯ ನೋಟು ಕೂಡ 'ನಾಣ್ಯ'ವೇ!

ಈ ಒಂದು ರೂಪಾಯಿಯ ಮೇಲೆ ನಮಗೆಷ್ಟು ಪ್ರೀತಿ ಎಂಬುದು ಮದುವೆಮನೆಯಲ್ಲಿ ತಿಳಿಯುತ್ತದೆ. ನಮ್ಮ ಕಡೆ ಮುಯ್ಯಿ ಮಾಡುವಾಗ ಐವತ್ತು, ನೂರು ಎಂದು ಸೊನ್ನೆಯಲ್ಲಿ ನಿಲ್ಲಿಸುವಂತಿಲ್ಲ. ಮೇಲೊಂದು ರೂಪಾಯಿ ಬೇಕು. ನೋಟು ಅಪರೂಪವಾದ ಮೇಲೆ ಊರಿನ ಅಂಗಡಿಗಳಲ್ಲಿ ರೂಪಾಯಿ ನಾಣ್ಯ ಅಂಟಿಸಿದ ಕವರುಗಳೇ ಬಂದವು. ಇಲ್ಲಿಯ ಕನ್ನಡಿಗರ ಮದುವೆಗಳಿಗೂ ಆ ಪದ್ಧತಿ ಬಂದಿದೆ. ಮೊದಲು ನೂರರ ಜೊತೆ ಒಂದು ಡಾಲರಿನ ನೋಟು ಸದ್ದಿಲ್ಲದೆ ಸೇರುತ್ತಿತ್ತು. ಈಗ ಕವರಿನ ಮೂಲೆಯಲ್ಲಿ ಲೂನಿ ಕೂತಿರುತ್ತದೆ. ವಧೂವರರ ಕೈಗೆ ಕೊಡುವಾಗ ಒಂದು ಕಡೆಗೆ ವಾಲುತ್ತದೆ, ಜಾರಿ ಸದ್ದು ಮಾಡುತ್ತದೆ. ಚೆಕ್ ಬರೆಯುವವರೂ ನೂರಾ ಒಂದು ಎಂದೇ ಬರೆಯುತ್ತಾರೆ. ನಾನು ಬಯ್ದುಕೊಂಡ ನಾಣ್ಯ ನನಗೇ ತಿಳಿಯದಂತೆ ನಮ್ಮ ಶಾಸ್ತ್ರದೊಳಗೆ ಬಂದು ಕೂತಿತ್ತು.

ನೋಟು ಹೋಗಿ ನಾಣ್ಯ ಬಂದದ್ದಕ್ಕೆ ಹೀಗೆ ಹೇಗೋ ಒಗ್ಗಿಕೊಳ್ಳುತ್ತೇವೆ. ಹಣದ ಮೇಲೆ ಯಾರ ಮಾತು, ಯಾರ ಮುಖ ಇರಬೇಕೆಂಬ ಜಗಳ ಅಷ್ಟು ಸುಲಭವಾಗಿ ತೀರುವುದಿಲ್ಲ. ಬ್ಯಾಂಕ್ ಆಫ್ ಕೆನಡಾ 1935ರಲ್ಲಿ ತನ್ನ ಮೊದಲ ನೋಟುಗಳನ್ನು ತಂದಾಗ ಇಂಗ್ಲಿಷಿನವೇ ಬೇರೆ, ಫ್ರೆಂಚಿನವೇ ಬೇರೆ ಇದ್ದವು. ಒಂದೇ ದೇಶಕ್ಕೆ ಎರಡು ಬಗೆಯ ನೋಟೇ ಎಂಬ ವಾದ ಪಾರ್ಲಿಮೆಂಟಿಗೆ ಹೋಗಿ, 1937ರಿಂದ ಎರಡು ಭಾಷೆಗಳೂ ಒಂದೇ ನೋಟಿನ ಮೇಲೆ ಬಂದವು. ಇದನ್ನು ಓದುವಾಗ ನಮ್ಮ ನೋಟಿನ ಹಿಂಬದಿಯ ಭಾಷಾಪಟ್ಟಿ ನೆನಪಾಯಿತು. ಹದಿನೈದು ಭಾಷೆಗಳ ಸಾಲಿನಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಮೈಸೂರಿನಲ್ಲೇ ನೋಟು ಮುದ್ರಣಾಲಯವಿದೆ. ಐವತ್ತರ ಹೊಸ ನೋಟಿನ ಮೇಲೆ ಹಂಪಿಯ ಕಲ್ಲಿನ ರಥವಿದೆ. ಊರಲ್ಲಿದ್ದಾಗ ಆ ಪಟ್ಟಿಯನ್ನು ನಾನು ಒಮ್ಮೆಯೂ ಓದಿದವನಲ್ಲ. ಇಲ್ಲಿಗೆ ಬಂದ ಮೇಲೆ ಪರ್ಸಿನಲ್ಲಿ ಉಳಿದ ಹತ್ತು ರೂಪಾಯಿಯನ್ನು ಮಗಳಿಗೆ ತೋರಿಸಿ 'ಇದು ನಮ್ಮ ಅಕ್ಷರ' ಎಂದಿದ್ದೇನೆ.

1954ರ ನೋಟುಗಳಲ್ಲಿ ರಾಣಿಯ ಕಿವಿಯ ಹಿಂದಿನ ಕೂದಲಲ್ಲಿ ದೆವ್ವದ ಮುಖ ಕಾಣುತ್ತದೆಂದು ಗುಲ್ಲೆದ್ದಿತ್ತು. ಅದು ಯೂಸುಫ್ ಕಾರ್ಶ್ ತೆಗೆದ ಫೋಟೋದಲ್ಲಿ ಕೂದಲ ಸುರುಳಿಯ ಮೇಲೆ ಬಿದ್ದ ಬೆಳಕು, ಅಷ್ಟೇ. ಆದರೂ ಬ್ಯಾಂಕು ಆ ಭಾಗವನ್ನು ಕಪ್ಪಾಗಿಸಬೇಕಾಯಿತು. ಇಂಥದ್ದಕ್ಕೆಲ್ಲ ನಕ್ಕು ಸುಮ್ಮನಾಗಬಹುದು. 2012ರ ಆಗಸ್ಟಿನಲ್ಲಿ ಬಂದ ಸುದ್ದಿಗೆ ನಗು ಬರಲಿಲ್ಲ.

ಅದಕ್ಕೂ ಹಿಂದಿನ ವರ್ಷ ಪ್ಲಾಸ್ಟಿಕ್‌ನಂಥ ಪಾಲಿಮರ್ ನೋಟುಗಳು ಶುರುವಾಗಿದ್ದವು. ಮೊದಲು ಬಂದದ್ದು ನೂರರ ನೋಟು. ಅದರ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರುವ ಒಬ್ಬ ವಿಜ್ಞಾನಿ ಹೆಂಗಸು. ಕರಡು ಚಿತ್ರದಲ್ಲಿ ಆಕೆ ಏಷ್ಯಾ ಮೂಲದವಳಂತೆ ಕಾಣುತ್ತಿದ್ದಳು. ಅಭಿಪ್ರಾಯ ಕೇಳಲು ಸೇರಿಸಿದ ಗುಂಪುಗಳಲ್ಲಿ ಕೆಲವರು ಆಕ್ಷೇಪಿಸಿದರು. ಏಷ್ಯಾದವರೆಂದರೆ ವಿಜ್ಞಾನ ಎಂಬ ಅಚ್ಚಿಗೆ ಹಾಕಿದಂತಾಗುತ್ತದೆ ಎಂದು ಕೆಲವರು. ಒಂದೇ ಜನಾಂಗವನ್ನು ತೋರಿಸಿದರೆ ಉಳಿದವರನ್ನು ಬಿಟ್ಟಂತಾಗುತ್ತದೆ ಎಂದು ಇನ್ನು ಕೆಲವರು. ಬ್ಯಾಂಕು ಮುಖವನ್ನು ತಿದ್ದಿ 'ತಟಸ್ಥ'ಗೊಳಿಸಿತು. ತಿದ್ದಿದ ಮುಖ ಬಿಳಿಯರ ಮುಖವಾಗಿತ್ತು. ಸುದ್ದಿ ಹೊರಬಿದ್ದ ಮೇಲೆ ಆಗಿನ ಗವರ್ನರ್ ಮಾರ್ಕ್ ಕಾರ್ನಿ ಕ್ಷಮೆ ಕೇಳಿದರು. ಆಗ ನನ್ನ ಮಗಳು ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಊಟಕ್ಕೆ ಕೂತಾಗ ವಿಷಯ ಬಂತು. "ಅಪ್ಪ, ನಮ್ಮ ಲ್ಯಾಬಿನಲ್ಲಿ ತಟಸ್ಥ ಮುಖದವರು ಯಾರೂ ಇಲ್ಲ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ, ಸಾರು ಬಡಿಸಿಕೊಂಡೆ.

ಉತ್ತರದಂಥದ್ದು ಆರು ವರ್ಷಗಳ ನಂತರ ಬಂತು. 2018ರ ನವೆಂಬರಿನಲ್ಲಿ ಬಿಡುಗಡೆಯಾದ ಹತ್ತು ಡಾಲರಿನ ನೋಟು ಅಡ್ಡಡ್ಡವಲ್ಲ, ಉದ್ದುದ್ದ ನಿಲ್ಲುತ್ತದೆ. ಅದರ ಮೇಲಿರುವುದು ವಯೋಲಾ ಡೆಸ್ಮಂಡ್ ಎಂಬ ಕಪ್ಪು ಮಹಿಳೆ. ಹ್ಯಾಲಿಫ್ಯಾಕ್ಸ್‌ನಲ್ಲಿ ಸೌಂದರ್ಯ ಪ್ರಸಾಧನದ ಉದ್ಯೋಗ ನಡೆಸುತ್ತಿದ್ದವರು. 1946ರ ನವೆಂಬರ್ 8ರಂದು, ದಾರಿಯಲ್ಲಿ ಕಾರು ಕೆಟ್ಟು ನ್ಯೂ ಗ್ಲಾಸ್ಗೋ ಎಂಬ ಊರಿನಲ್ಲಿ ಉಳಿದಾಗ ಸಿನಿಮಾಗೆ ಹೋದರು. ಕಣ್ಣು ಮಂದವಾದ್ದರಿಂದ ಕೆಳಗಿನ ಸೀಟಿನಲ್ಲಿ ಕೂತರು. ಅದು ಬಿಳಿಯರಿಗೆ ಮೀಸಲು. ಕಪ್ಪು ಜನ ಬಾಲ್ಕನಿಗೆ ಹೋಗಬೇಕು. ಹೆಚ್ಚಿನ ದುಡ್ಡು ಕೊಡುತ್ತೇನೆಂದರೂ ಕೆಳಗಿನ ಟಿಕೆಟ್ ಕೊಡಲಿಲ್ಲ. ಏಳಲು ಒಪ್ಪದ ಅವರನ್ನು ಎಳೆದುಕೊಂಡು ಹೋಗಿ ರಾತ್ರಿಯಿಡೀ ಲಾಕಪ್ಪಿನಲ್ಲಿಟ್ಟರು. ಹಾಕಿದ ಮೊಕದ್ದಮೆ ಜನಾಂಗದ ಮಾತೇ ಎತ್ತಲಿಲ್ಲ. ಕೆಳಗಿನ ಟಿಕೆಟ್ಟಿಗೂ ಬಾಲ್ಕನಿಯದಕ್ಕೂ ಇದ್ದ ಮನರಂಜನಾ ತೆರಿಗೆಯ ವ್ಯತ್ಯಾಸ ಒಂದು ಸೆಂಟ್. ಆ ಒಂದು ಸೆಂಟನ್ನು ಸರ್ಕಾರಕ್ಕೆ ವಂಚಿಸಿದರೆಂಬುದೇ ಆರೋಪ. ದಂಡ ಮತ್ತು ಖರ್ಚು ಸೇರಿ 26 ಡಾಲರ್ ತೆತ್ತರು. ಅವರು ತೀರಿಕೊಂಡದ್ದು 1965ರಲ್ಲಿ. ನೋವಾ ಸ್ಕೋಶಿಯಾ ಸರ್ಕಾರ ಅವರ ಮೇಲಿನ ಆರೋಪವನ್ನು ಅಳಿಸಿ ಕ್ಷಮೆ ಕೇಳಿದ್ದು 2010ರಲ್ಲಿ.

ಆ ಒಂದು ಸೆಂಟಿನ ನಾಣ್ಯ ಈಗ ಚಲಾವಣೆಯಲ್ಲಿಲ್ಲ. ಅದರ ನೆಪದಲ್ಲಿ ಜೈಲು ಕಂಡ ಹೆಂಗಸು ಹತ್ತು ಡಾಲರಿನ ಮೇಲಿದ್ದಾರೆ. ನೋಟು ಬಂದ ವಾರ ಮಗಳು ಹೊಚ್ಚಹೊಸತೊಂದನ್ನು ತಂದು ಕೊಟ್ಟಳು. ಇದರಿಂದ ಎಲ್ಲವೂ ಸರಿಹೋಯಿತೆಂದು ಅವಳೂ ಹೇಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ನೋಟಿನ ಮೇಲೆ ಮುಖ ಬರುವುದಕ್ಕೆ ಎಪ್ಪತ್ತೆರಡು ವರ್ಷ ಹಿಡಿಯಿತಲ್ಲ ಎಂಬುದೂ ಮನಸ್ಸಿನಲ್ಲಿತ್ತು. ಆದರೆ ಅಂಗಡಿಯಲ್ಲಿ ಹಾಲು ಬ್ರೆಡ್ಡಿಗೆ ಆ ನೋಟು ಕೊಡುವಾಗ, ಕೊಳ್ಳುವವನೂ ಮಾರುವವನೂ ದಿನಾ ಆ ಮುಖ ನೋಡಲೇಬೇಕು. ಪಠ್ಯಪುಸ್ತಕ ಓದದವರಿಗೂ ಆ ಚರಿತ್ರೆ ಕೈಗೆ ಸಿಕ್ಕಂತಾಯಿತು.

ಮಗಳು ಕೊಟ್ಟ ಆ ನೋಟನ್ನು ಖರ್ಚು ಮಾಡಿಲ್ಲ. ಲಕ್ಷ್ಮಿಯ ಪಟದ ಹಿಂದೆ ಹಳೆಯ ಒಂದು ಡಾಲರಿನ ಜೊತೆ ಅದನ್ನೂ ಇಟ್ಟಿದ್ದೇನೆ. ಒಟ್ಟು ಹನ್ನೊಂದಾಯಿತು. ಅಮ್ಮ ಇದ್ದಿದ್ದರೆ, ಕೊನೆಗೂ ಸೊನ್ನೆಯಲ್ಲಿ ನಿಲ್ಲಲಿಲ್ಲವಲ್ಲ ಎಂದು ಸಮಾಧಾನಪಡುತ್ತಿದ್ದಳು.