ತುಳುನಾಡಿನ ಅಂಗಳದ ಕೋಳಿಯೂ ಗಿನಿಕೋಳಿಯೂ: ಒಂದು ನಾಮವಿಚಾರ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸುತ್ತಣ ಗ್ರಾಮಗಳಲ್ಲಿ ಕೋಳಿ ಸಾಕುವುದು ಬಹುಕಾಲದ ರೂಢಿ. ಈಚೆಗೆ ಅಲ್ಲಲ್ಲಿ ಈ ಕೋಳಿಗಳ ನಡುವೆ, ಬೂದುಗಪ್ಪು ಮೈಮೇಲೆ ಬಿಳಿಯ ಚುಕ್ಕೆಗಳನ್ನು ತಳೆದ ಗಿನಿಕೋಳಿಯೂ ಮೇಯುತ್ತಿರುವುದುಂಟು. ಒಂದೇ ಅಂಗಳದಲ್ಲಿ ಒಂದೇ ಕಾಳನ್ನು ಹೆಕ್ಕುವ ಈ ಎರಡು ಹಕ್ಕಿಗಳೂ ಈ ನಾಡಿಗೆ ಸಮಾನವಾಗಿ ಪುರಾತನವಾದುವೆಂದು ಭಾವಿಸುವುದು ಸುಲಭ. ಆದರೆ ಇವುಗಳ ಹೆಸರುಗಳನ್ನು ಪರೀಕ್ಷಿಸಿದರೆ ಆ ಭಾವನೆಯು ನಿಲ್ಲಲಾರದು.

ಕೋಳಿ ಎಂಬುದು ಅಚ್ಚ ದ್ರಾವಿಡ ಶಬ್ದ. ಹಳಗನ್ನಡದಲ್ಲಿ ಅದು ರಳವನ್ನುಳ್ಳ 'ಕೋೞಿ'. ತಮಿಳು ಮಲೆಯಾಳಗಳು ಆ ಧ್ವನಿಯನ್ನು ಹಾಗೆಯೇ ಉಳಿಸಿಕೊಂಡಿವೆ. ತೆಲುಗಿನಲ್ಲಿ ಅದು 'ಕೋಡಿ'ಯಾಯಿತು, ತುಳುವಿನಲ್ಲಿ 'ಕೋರಿ'ಯಾಯಿತು. ಒಂದು ಶಬ್ದವು ಸೋದರಭಾಷೆಗಳಲ್ಲಿ ಹೀಗೆ ಆಯಾ ಭಾಷೆಯ ಧ್ವನಿನಿಯಮವನ್ನನುಸರಿಸಿ ಮಾರ್ಪಟ್ಟಿದ್ದರೆ, ಆ ಭಾಷೆಗಳು ಬೇರ್ಪಡುವುದಕ್ಕೆ ಮುಂಚೆಯೇ ಅದು ಬಳಕೆಯಲ್ಲಿದ್ದಿತೆಂದು ಹೇಳಬೇಕಾಗುತ್ತದೆ.

ಸಂಸ್ಕೃತದಲ್ಲಿಯೂ ಈ ಹಕ್ಕಿಯ ಪರಿಚಯವು ಗಾಢವಾದುದು. ಕುಕ್ಕುಟ, ಕೃಕವಾಕು ಎಂಬ ನಾಮಗಳು ಅದರ ಕಂಠವನ್ನೂ, ತಾಮ್ರಚೂಡವೆಂಬುದು ಅದರ ಕೆಂಪು ಜುಟ್ಟನ್ನೂ, ಚರಣಾಯುಧವೆಂಬುದು ಅದರ ಕಾಲಿನ ಮುಳ್ಳನ್ನೂ ಸೂಚಿಸುತ್ತವೆ. ಪಾಣಿನಿಯು ಹ್ರಸ್ವ, ದೀರ್ಘ, ಪ್ಲುತಗಳನ್ನು ಹೇಳುವ ಸೂತ್ರದಲ್ಲಿ ಉಕಾರವನ್ನೇ ಆರಿಸಿಕೊಂಡುದಕ್ಕೆ, ಕೋಳಿಯ ಕೂಗಿನಲ್ಲಿ ಈ ಮೂರು ಮಾತ್ರಾಭೇದಗಳೂ ಕ್ರಮವಾಗಿ ಕೇಳಿಬರುವುದೇ ಕಾರಣವೆಂದು ವೈಯಾಕರಣರು ಪಾಠ ಹೇಳುವ ಸಂಪ್ರದಾಯವುಂಟು. ಗಿನಿಕೋಳಿಗಾದರೋ ಜುಟ್ಟಿಲ್ಲ; ತಲೆಯ ಮೇಲಿರುವುದು ಎಲುಬಿನ ಶಿರಸ್ತ್ರಾಣ. ಕಾಲಿನಲ್ಲಿ ಮುಳ್ಳೂ ಇಲ್ಲ. ಅದರ ಹೆಣ್ಣು ಎರಡಕ್ಷರದ ಕೂಗನ್ನು ಮತ್ತೆ ಮತ್ತೆ ಕೂಗುತ್ತದೆಯೇ ಹೊರತು ಪ್ಲುತವನ್ನರಿಯದು. ಆದುದರಿಂದ ಮೇಲ್ಕಂಡ ನಾಮಗಳಲ್ಲಿ ಒಂದೂ ಇದಕ್ಕೆ ಅನ್ವಯಿಸುವುದಿಲ್ಲ.

ಈ ಪ್ರಾಂತದ ಜೈನಪರಂಪರೆಯಲ್ಲಿ ಕುಕ್ಕುಟಕ್ಕೆ ವಿಶೇಷ ಸ್ಥಾನವಿದೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ಅಜಿಲ ಅರಸನಿಂದ ಪ್ರತಿಷ್ಠಿತನಾದ ಗೊಮ್ಮಟನಿಗೆ, ಪೌದನಪುರದ ಕುಕ್ಕುಟಸರ್ಪಗಳ ಕಥೆಯಿಂದ ಬಂದ 'ಕುಕ್ಕುಟೇಶ್ವರ'ನೆಂಬ ನಾಮಾಂತರವುಂಟು. ೧೨೦೯ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯ ಬಲಿಯಿಂದಲೇ ತಾಯಿಮಕ್ಕಳಿಗೆ ಭವಾವಳಿಯು ಪ್ರಾಪ್ತವಾಗುತ್ತದೆ. ಕಡೆಗೆ ಅವರಿಬ್ಬರೂ ಕೋಳಿಗಳಾಗಿಯೇ ಹುಟ್ಟುತ್ತಾರೆ. ಬಸದಿಯ ಹೊರಗಾದರೆ ಭೂತಾರಾಧನೆಯಲ್ಲಿಯೂ ಕೋಳಿಅಂಕದಲ್ಲಿಯೂ ಇದೇ ಹಕ್ಕಿಯು ಕಾಣಿಸಿಕೊಳ್ಳುತ್ತದೆ.

ಕೋಳಿಯ ಬಂಧುಬಳಗವೂ ಈ ನಾಡಿಗೆ ಹೊರತಲ್ಲ. ಸಾಕುಕೋಳಿಯ ಮೂಲಪುರುಷನು ಆಗ್ನೇಯ ಏಷ್ಯದ ಕಡೆಯ ಕೆಂಪು ಕಾಡುಕೋಳಿಯೇ ಸರಿ. ಆದರೆ ಅನೇಕ ಸಾಕುತಳಿಗಳ ಹಳದಿ ಕಾಲಿಗೆ ಕಾರಣವಾದ ಗುಣಾಂಶವು ದಕ್ಷಿಣದ ಬೂದುಬಣ್ಣದ ಕಾಡುಕೋಳಿಯಿಂದ ಬಂದಿತೆಂದು ೨೦೦೮ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಕಾಡುಕೋಳಿಯು ಚಾರ್ಮಾಡಿಯೇ ಮೊದಲಾದ ಪಶ್ಚಿಮಘಟ್ಟದ ಅರಣ್ಯಗಳ ನಿವಾಸಿ.

ಗಿನಿಕೋಳಿಯ ಬಂಧುಗಳು ಇರುವುದು ಆಫ್ರಿಕದಲ್ಲಿ. ಕ್ರಿಸ್ತಪೂರ್ವ ೧ನೆಯ ಶತಮಾನದಲ್ಲಿ ರೋಮಿನ ವಾರೋ ಎಂಬ ಪಂಡಿತನು ಅದನ್ನು ಆಫ್ರಿಕದ ಕೋಳಿಯೆಂದೇ ಕರೆದಿದ್ದಾನೆ. ತುಳುನಾಡಿಗೂ ದೂರದೇಶಗಳಿಗೂ ಸಮುದ್ರಮಾರ್ಗದ ಸಂಬಂಧವು ಪ್ರಾಚೀನವಾದುದೇ. ಮೂಡಬಿದಿರೆಯ ಸಾವಿರಕಂಬದ ಬಸದಿಯು ೧೪೩೦ರ ಸುಮಾರಿನದು. ಅಲ್ಲಿಯ ಭೈರಾದೇವಿ ಮಂಟಪದಲ್ಲಿ ಆಫ್ರಿಕದ ಜಿರಾಫೆಯೆಂದು ಗುರುತಿಸಲ್ಪಟ್ಟಿರುವ ಶಿಲ್ಪವೊಂದಿದೆ. ಆದರೂ 'ಗಿನಿ' ಎಂಬುದು ಆಫ್ರಿಕದ ಪಶ್ಚಿಮತೀರಕ್ಕೆ ಐರೋಪ್ಯ ನಾವಿಕರು ಬಳಸಿದ ಹೆಸರು. ಪೋರ್ತುಗೀಸರು ಈ ಕರಾವಳಿಯನ್ನು ಮುಟ್ಟಿದ ೧೪೯೮ಕ್ಕೆ ಮೊದಲು ಅದು ಇಲ್ಲಿಗೆ ಬಂದಿರಲಾರದು. ಹಕ್ಕಿಯು ಮೊದಲೇ ಬಂದು ಹೆಸರು ಮಾತ್ರ ತಡವಾಗಿ ಬಂದಿರಬಾರದೇಕೆ ಎಂದು ಆಕ್ಷೇಪಿಸಬಹುದು. ಹಾಗಿದ್ದಲ್ಲಿ ಹಳೆಯ ಹೆಸರೊಂದು ಜನರ ನಾಲಗೆಯಲ್ಲಿ ಉಳಿದಿರಬೇಕಾಗಿತ್ತು. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಅಂತಹುದು ರೂಢಿಯಲ್ಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ೧೯೭೯ರಲ್ಲಿ ಸ್ಥಾಪಿತವಾದ, ಉತ್ತರಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನ ಸಂಸ್ಥೆಯು ಗಿನಿಕೋಳಿಯ ಮೂರು ತಳಿಗಳಿಗೆ ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಎಂದು ಹೆಸರಿಟ್ಟಿದೆ. ಹೆಸರುಗಳು ಶ್ರುತಿಮಧುರವಾಗಿವೆ. ಆದರೆ ಮುಂದೆ ಎಂದಾದರೂ ಒಬ್ಬ ವಿದ್ವಾಂಸನು ಇವನ್ನು ಕಂಡು, ಬಾಣಭಟ್ಟನ ಕಾಲದಲ್ಲಿಯೇ ಈ ಹಕ್ಕಿಯು ಭಾರತದಲ್ಲಿದ್ದಿತೆಂದೂ, ದಿಗಂಬರರ ಕ್ಷೇತ್ರವಾದ ಮೂಡಬಿದಿರೆಗೆ ಶ್ವೇತಾಂಬರರು ಇದನ್ನು ತಂದರೆಂದೂ ಸಾಧಿಸಹೊರಟರೆ ಆಶ್ಚರ್ಯವಿಲ್ಲ. ಶಬ್ದವು ಸಂಸ್ಕೃತವಾದ ಮಾತ್ರಕ್ಕೆ ವಸ್ತುವು ಪ್ರಾಚೀನವಾಗದು.

ಸಹವಾಸದ ರೀತಿಯೂ ಈ ನಿರ್ಣಯಕ್ಕೆ ಅನುಕೂಲವಾಗಿದೆ. ಗಿನಿಕೋಳಿಯು ಪೊದೆಯಲ್ಲಿ ಕದ್ದು ಮೊಟ್ಟೆಯಿಡುತ್ತದೆ. ಮರಿಗಳನ್ನು ಒದ್ದೆಹುಲ್ಲಿನಲ್ಲಿ ಅಲೆಸಿ ಕಳೆದುಕೊಳ್ಳುತ್ತದೆ. ಮಳೆ ಹೆಚ್ಚಾದ ಈ ಸೀಮೆಯಲ್ಲಿ ಅದು ದೊಡ್ಡ ಹಾನಿ. ಆದುದರಿಂದ ಅದರ ಮೊಟ್ಟೆಗಳನ್ನು ಊರಕೋಳಿಯ ಕಾವಿಗಿಡುವುದುಂಟು. ಕೋಳಿಯ ಮೊಟ್ಟೆಯು ೨೧ ದಿನಗಳಲ್ಲಿ ಒಡೆದರೆ ಗಿನಿಕೋಳಿಯದಕ್ಕೆ ೨೬ರಿಂದ ೨೮ ದಿನಗಳು ಬೇಕು. ಎರಡನ್ನೂ ಒಂದೇ ದಿನ ಇಟ್ಟರೆ ತಾಯಿಯು ತನ್ನ ಮರಿಗಳೊಡನೆ ಎದ್ದುಹೋಗಿ ಉಳಿದ ಮೊಟ್ಟೆಗಳು ತಣ್ಣಗಾಗುವುವು. ಕೋಳಿಮೊಟ್ಟೆಯನ್ನು ಒಂದು ವಾರ ತಡೆದು ಇಡಬೇಕು. ಹೀಗೆ ಹುಟ್ಟಿದ ಮರಿಯು ಕೋಗಿಲೆಯಂತೆ ಪರಭೃತವೇ ಸರಿ. ಸಾಕುತಾಯಿಯ ಹಿಂದೆ ಬೆಳೆದರೂ, ಪ್ರಾಯಕ್ಕೆ ಬಂದ ಮೇಲೆ ಸಂಜೆ ಅವಳು ಗೂಡನ್ನು ಹೊಕ್ಕರೆ ಅದು ಮರವನ್ನೇರಬಯಸುತ್ತದೆ. ಅದರ ಗಂಡು ಹುಂಜವನ್ನು ಬೆನ್ನಟ್ಟುವುದೂ ಉಂಟು. ಆದರೆ ಗಿಡುಗವೋ ಹಾವೋ ಕಂಡರೆ ಮೊದಲು ಅರಚಿ ಅಂಗಳವನ್ನೆಲ್ಲಾ ಎಚ್ಚರಿಸುವುದು ಹೆಚ್ಚಾಗಿ ಅದೇ.

ಅತಿಥಿಯು ಮನೆಯವರಿಗೆ ಉಪಕಾರಿಯಾಗಿರಬಹುದು. ಅಷ್ಟರಿಂದ ಅವನ ಊರು ಬದಲಾಗದು. ನಿಘಂಟುಕಾರರು ಗಿನಿಕೋಳಿಯನ್ನು ಕುಕ್ಕುಟದ ಪರ್ಯಾಯಗಳೊಡನೆ ಬೆರೆಸದೆ ಬೇರೆಯಾಗಿಯೇ ನಮೂದಿಸುವುದು ಯುಕ್ತ. ಅಂಗಳದಲ್ಲಿ ಎರಡೂ ಕೂಡಿ ಮೇಯಲಿ, ಕೋಶದಲ್ಲಿ ಬೇರೆಬೇರೆಯಾಗಿರಲಿ.