ಕಾಣೆಯಾದ ಅರ್ಧ ತಾಮ್ರ

ನೀರು ಬೀಳದ ಬೋರ್‌ವೆಲ್‌ನಿಂದ ಏನು ಉಪಯೋಗ? ನಮ್ಮೂರಲ್ಲಿ ಹೀಗೆ ಕೇಳಿದರೆ ನಗ್ತಾರೆ. ಮೇಲೊಂದು ಚಪ್ಪಡಿ ಕಲ್ಲು ಎಳೆದು, ಸಾಲದ ಲೆಕ್ಕ ಮಾತ್ರ ನೆನಪಿಟ್ಟುಕೊಳ್ತಾರೆ. ಆದರೆ ಗಣಿ ಹುಡುಕುವವರ ಲೋಕದಲ್ಲಿ ಫೇಲಾದ ಬೋರಿಗೂ ಬೆಲೆ ಇದೆ. ಅದಕ್ಕೆ ಅಮೆರಿಕದ ಅರಿಜೋನಾದ ಸ್ಯಾನ್ ಮ್ಯಾನುಯಲ್ ಕಥೆಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಟೂಸಾನ್ ನಗರದ ಈಶಾನ್ಯಕ್ಕೆ ರೆಡ್ ಹಿಲ್ ಅಂತ ಒಂದು ಸಣ್ಣ ಕೆಂಪು ದಿಣ್ಣೆ. ಸುತ್ತಲಿನ ಬಂಡೆಯನ್ನೆಲ್ಲ ಹೊಸ ಕಾಲದ ಜಲ್ಲಿಕಲ್ಲಿನ ಪದರ ಮುಚ್ಚಿದ್ದರೂ ದಿಣ್ಣೆಯಲ್ಲಿ ಮಾತ್ರ ತಾಮ್ರದ ಸುಳಿವಿತ್ತು. ಎರಡನೇ ಮಹಾಯುದ್ಧಕ್ಕೆ ತಾಮ್ರ ಬೇಕಾಗಿತ್ತು, 1943ರಲ್ಲಿ ಸರ್ಕಾರವೇ ಕೊರೆಯಲು ನಿಂತಿತು. ಕೆಳಗೆ ದೊಡ್ಡ ನಿಕ್ಷೇಪವೇ ಇತ್ತು. 1944ರಲ್ಲಿ ಮ್ಯಾಗ್ಮಾ ಕಾಪರ್ ಕಂಪನಿ ಒಳಗೆ ಬಂತು. ನೂರು ಕೆಜಿ ಕಲ್ಲು ಅರೆದರೆ ಒಂದು ಕೆಜಿ ತಾಮ್ರವೂ ಸಿಗದ ಅದಿರು ಇದು. ಆದರೆ ರಾಶಿ ಎಷ್ಟು ದೊಡ್ಡದೆಂದರೆ ಅದನ್ನೇ ನಂಬಿ ಒಂದು ಹೊಸ ಊರನ್ನೇ ಕಟ್ಟಿದರು.

1953ರಲ್ಲಿ ಜಿ. ಎಂ. ಶ್ವಾರ್ಟ್ಸ್ ಅನ್ನೋ ಭೂವಿಜ್ಞಾನಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಈ ನಿಕ್ಷೇಪದ ಬಗ್ಗೆ ವಿವರವಾದ ವರದಿ ಬರೆದರು. ಯಾವ ಕಲ್ಲು ಎಲ್ಲಿ ಹೇಗೆ ಬದಲಾಗಿದೆ ಅನ್ನೋದೆಲ್ಲ ಅದರಲ್ಲಿತ್ತು. ನಿಕ್ಷೇಪವನ್ನು ಓರೆಯಾಗಿ ಕತ್ತರಿಸಿದ ಒಂದು ದೊಡ್ಡ ಸ್ತರಭಂಗವೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ: ಕತ್ತರಿಸಿ ಹೋದ ತುಂಡು ಎಲ್ಲಿ?

ಇಲ್ಲಿ ಸ್ವಲ್ಪ ಭೂವಿಜ್ಞಾನ ಬೇಕು. ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾರಸ ಇಲ್ಲಿನ ಹಳೆಯ ಗ್ರಾನೈಟ್ ಒಳಗೆ ನುಗ್ಗಿತು. ಅದು ತಣಿಯುವಾಗ ಹೊರಬಿದ್ದ ಬಿಸಿ ದ್ರವ ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ಹರಿದು, ಬಂಡೆಯನ್ನೇ ಬೇಯಿಸಿ ಬದಲಾಯಿಸಿತು. ಇಂಥ ನಿಕ್ಷೇಪಕ್ಕೆ ಪಾರ್ಫಿರಿ ತಾಮ್ರ ಅಂತಾರೆ. ಬಾಳೆಗಿಡದ ಕಾಂಡವನ್ನು ಅಡ್ಡ ಕೊಯ್ದು ನೋಡಿ. ನಡುವೆ ದಿಂಡು, ಅದರ ಸುತ್ತ ಪಟ್ಟೆ ಮೇಲೆ ಪಟ್ಟೆ. ಇಲ್ಲೂ ಹಾಗೆಯೇ. ನಡುವಿನ ತಿರುಳಲ್ಲಿ ತಾಮ್ರ ಕಮ್ಮಿ, ಅದರ ಸುತ್ತಿನ ಪಟ್ಟೆಯಲ್ಲಿ ಒಳ್ಳೆಯ ಅದಿರು, ಅದರಾಚೆ ಬರೀ ಪೈರೈಟ್, ಇನ್ನೂ ಆಚೆ ಹಸಿರು ಛಾಯೆಯ ಖನಿಜಗಳು.

1965ರ ಹೊತ್ತಿಗೆ ಡೇವಿಡ್ ಲೋವೆಲ್ ಅನ್ನೋ ಅರಿಜೋನಾದವರೇ ಆದ ಭೂವಿಜ್ಞಾನಿ ಈ ಹಳೆಯ ಮಾಹಿತಿಯನ್ನು ಮತ್ತೆ ಓದಿದರು. ಸ್ಯಾನ್ ಮ್ಯಾನುಯಲ್ ಅದಿರು ಅಡ್ಡ ಸೀಳಿನಲ್ಲಿ ಪೂರ್ತಿ ಉಂಗುರ ಅಲ್ಲ, ಅರ್ಧ ಉಂಗುರ. ಅಂದ್ರೆ ನಿಂತಿದ್ದ ಬಾಳೆಕಾಂಡ ಭೂಚಲನೆಯಿಂದ ವಾಲಿ ಹೆಚ್ಚುಕಮ್ಮಿ ಮಲಗಿದೆ. ಆಮೇಲೆ ಮಚ್ಚಿನಿಂದ ಉದ್ದಕ್ಕೆ ಸೀಳಿದ ಹಾಗೆ ಸ್ತರಭಂಗ ಅದನ್ನು ಸೀಳಿದೆ. ಹಾಗಾದ್ರೆ ಮೇಲಿನ ಅರ್ಧ ಜಾರಿದ್ದು ಎತ್ತ? ಸ್ತರಭಂಗದ ಇಳಿಜಾರು ನೈಋತ್ಯಕ್ಕಿತ್ತು. ಅದೇ ದಿಕ್ಕಿನಲ್ಲಿ, ಕ್ಯಾಲಮಜೂ ಅನ್ನೋ ಜಾಗದಲ್ಲಿ, ಹಿಂದೆ ಕೊರೆದು ಲಾಭವಿಲ್ಲ ಅಂತ ಬಿಟ್ಟಿದ್ದ ರಂಧ್ರಗಳಿದ್ದವು. ಅವುಗಳ ಕಲ್ಲಿನಲ್ಲಿ ಬೇಕಾದಷ್ಟು ತಾಮ್ರ ಇರಲಿಲ್ಲ, ನಿಜ. ಆದರೆ ಕಲ್ಲು ಬೆಂದಿತ್ತು, ಪೈರೈಟ್ ಇತ್ತು. ಬಾಳೆಕಾಂಡದ ಲೆಕ್ಕದಲ್ಲಿ ಅದು ಹೊರಗಿನ ಪಟ್ಟೆ. ಅಂದರೆ ಅದಿರು ಇನ್ನೂ ಕೆಳಗಿರಬೇಕು.

ಲೋವೆಲ್ ಕ್ವಿಂಟಾನಾ ಕಂಪನಿಯ ದುಡ್ಡಿನಲ್ಲಿ ಅಲ್ಲಿ ಆಳಕ್ಕೆ ಕೊರೆಸಿದರು. ಸಾವಿರಾರು ಅಡಿ ಕೆಳಗೆ ಅದಿರು ಸಿಕ್ಕಿತು! ಉಂಗುರದ ಇನ್ನರ್ಧ ಸುಮಾರು ಎರಡೂವರೆ ಕಿಲೋಮೀಟರ್ ಜಾರಿ ಹೋಗಿ ಕೂತಿತ್ತು. 1968ರಲ್ಲಿ ಮ್ಯಾಗ್ಮಾ ಕಂಪನಿ ತನ್ನ ಪಕ್ಕದಲ್ಲೇ ಇದ್ದ ಈ ಅರ್ಧವನ್ನು ದುಡ್ಡು ಕೊಟ್ಟು ಕೊಂಡಿತು.

ಸಾಫ್ಟ್‌ವೇರ್‌ನವನಾದ ನನಗೆ ಇಲ್ಲಿ ಹಿಡಿಸೋದು ಆ ರಂಧ್ರಗಳ ಕಥೆ. ಡೇಟಾ ಎಲ್ಲರ ಮುಂದೆಯೂ ಇತ್ತು, ಶ್ವಾರ್ಟ್ಸ್ ವರದಿಯಂತೂ ಪ್ರಕಟವಾಗಿ ಹನ್ನೆರಡು ವರ್ಷ ಆಗಿತ್ತು. ಉಳಿದವರು ಪ್ರತಿ ರಂಧ್ರಕ್ಕೂ ‘ತಾಮ್ರ ಇದೆಯಾ, ಇಲ್ವಾ’ ಅಂತ ಕೇಳಿದ್ದರು. ಲೋವೆಲ್ ಕೇಳಿದ್ದು ‘ಈ ಕಲ್ಲು ಇಡೀ ಆಕಾರದ ಯಾವ ಭಾಗ?’ ಅಂತ. ಎರಡನೇ ಪ್ರಶ್ನೆಗೆ ‘ಇಲ್ಲ’ ಅನ್ನೋ ಉತ್ತರವೇ ಇಲ್ಲ. ಆದ್ದರಿಂದ ಯಾವ ರಂಧ್ರವೂ ವ್ಯರ್ಥ ಅಲ್ಲ.

1970ರಲ್ಲಿ ಲೋವೆಲ್ ಮತ್ತು ಜಾನ್ ಗಿಲ್ಬರ್ಟ್ ಸೇರಿ ಈ ಪಟ್ಟೆಗಳ ಮಾದರಿಯನ್ನು ಬೇರೆ ನಿಕ್ಷೇಪಗಳ ಜೊತೆ ಹೋಲಿಸಿ ‘ಎಕನಾಮಿಕ್ ಜಿಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ತಾಮ್ರ ಹುಡುಕುವವರಿಗೆ ಅದು ಕೈದೀವಿಗೆಯಾಯ್ತು. 1981ರಲ್ಲಿ ಚಿಲಿಯ ಎಸ್ಕೊಂಡಿಡಾವನ್ನು ಪತ್ತೆಹಚ್ಚಿದ ತಂಡದ ನಾಯಕರೂ ಇದೇ ಲೋವೆಲ್. ಅದು ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ತಾಮ್ರ ಕೊಡುವ ಗಣಿ.

ಆದರೆ ಅದಿರು ಸಿಕ್ಕ ಮಾತ್ರಕ್ಕೆ ಊರು ಉಳಿಯೋದಿಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಬಿಎಚ್‌ಪಿ ಕಂಪನಿ ಮ್ಯಾಗ್ಮಾವನ್ನು ಕೊಂಡಿತು. 1999ರಲ್ಲಿ ತಾಮ್ರದ ಬೆಲೆ ನೆಲಕಚ್ಚಿದಾಗ ಗಣಿ ನಿಂತಿತು, ಸಾವಿರಾರು ಜನರ ಕೆಲಸ ಹೋಯಿತು. 2007ರ ಜನವರಿಯಲ್ಲಿ ಕುಲುಮೆಯ ಎರಡು ಚಿಮಣಿಗಳನ್ನು ಸ್ಫೋಟಿಸಿ ಕೆಡವಿದರು. ಗಣಿ ಮುಚ್ಚಿದಾಗ ನೆಲದಡಿ ಅದಿರು ಇನ್ನೂ ಉಳಿದಿತ್ತು. ಅದನ್ನು ಎಲ್ಲಿ ಹುಡುಕಬೇಕು ಅಂತ ಕಲ್ಲು ಹೇಳಿತ್ತು. ಯಾವಾಗ ಬಿಡಬೇಕು ಅಂತ ಹೇಳಿದ್ದು ಮಾರ್ಕೆಟ್ಟು.