ರಂಧ್ರಪಟ್ಟಿಯಿಂದ ಪರದೆಯವರೆಗೆ

ಗಣಕಕ್ಕೆ ಆದೇಶ ಬರೆಯುವ ಪ್ರೋಗ್ರಾಮಿಂಗ್ ವಿದ್ಯೆಯ ಒಂದು ಬೇರು ನೇಯ್ಗೆಯಲ್ಲಿದೆ. ಸೂರತ್ತಿನಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಬೇರು ದೂರದ್ದಲ್ಲ. ಅಲ್ಲಿನ ಜಕಾರ್ಡ್ ಮಗ್ಗಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ.

ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಈ ವಿಧಾನದಲ್ಲಿ ವಿನ್ಯಾಸವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬಿಡಿಸಿ, ಬಳಿಕ ರಟ್ಟಿನ ಪಟ್ಟಿಗಳಿಗೆ ಇಳಿಸುತ್ತಾರೆ. ರಂಧ್ರವಿದ್ದಲ್ಲಿ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ, ನಡುವೆ ಹೊಕ್ಕು ಹಾಯುತ್ತದೆ. ಒಂದು ರಂಧ್ರ ತಪ್ಪಿದರೆ, ವಿನ್ಯಾಸ ಮರುಕಳಿಸಿದಾಗಲೆಲ್ಲ ಆ ದೋಷ ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಹೀಗೆ ಕಲಿಯುವವನಿಗೆ ಬಟ್ಟೆಯೇ ಗುರು. ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಾನು ಕಲ್ಪಿಸಿದ ಗಣನ ಯಂತ್ರಕ್ಕೆ ಎರವಲು ಪಡೆದದ್ದು ಇದೇ ರಂಧ್ರಪಟ್ಟಿಗಳನ್ನು.

ಕೈಯಿಂದ ಮಾಡಿ ಕಲಿಯಬೇಕೆಂಬ ವಿಚಾರಕ್ಕೆ ಗುಜರಾತಿನಲ್ಲಿ ದೀರ್ಘ ಪರಂಪರೆಯಿದೆ. ವಡೋದರಾದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1890ರಲ್ಲಿ ಆರಂಭವಾದ ಕಲಾಭವನಕ್ಕೆ ರೂಪ ಕೊಟ್ಟವರು ಸೂರತ್ತಿನ ತ್ರಿಭುವನದಾಸ ಗಜ್ಜರ್. ಕುಶಲವಿದ್ಯೆಗಳನ್ನು ಗುಜರಾತಿ ಭಾಷೆಯಲ್ಲೇ ಕಲಿಸಬೇಕೆಂಬುದು ಅವರ ಹಂಬಲವಾಗಿತ್ತು. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ 1960ರ ದಶಕದಲ್ಲಿ ಸ್ಥಾಪಿಸಿದ ಸಮುದಾಯ ವಿಜ್ಞಾನ ಕೇಂದ್ರವೂ ಮಕ್ಕಳು ವಿಜ್ಞಾನವನ್ನು ಸ್ವತಃ ಪ್ರಯೋಗಿಸಿ ಅರಿಯಲೆಂದೇ ಹುಟ್ಟಿದ್ದು.

ಅದೇ ದಶಕದಲ್ಲಿ, 1967ರಲ್ಲಿ, ಸೆಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಲೋಗೋ ಭಾಷೆಯನ್ನು ರಚಿಸಿದರು. ಮಗುವಿನ ಆದೇಶದಂತೆ ‘ಆಮೆ’ಯೊಂದು ಚಲಿಸಿ ಗೆರೆ ಎಳೆಯುತ್ತಿತ್ತು, ತಪ್ಪು ಆದೇಶಕ್ಕೆ ತಪ್ಪು ಚಿತ್ರವೇ ಉತ್ತರ. 2007ರಲ್ಲಿ ಬಂದ ಸ್ಕ್ರ್ಯಾಚ್‌ನಲ್ಲಿ ಆದೇಶಗಳೇ ಜೋಡಿಸಬಹುದಾದ ಬಣ್ಣದ ತುಂಡುಗಳಾದವು.

ಆದರೆ ಚಿತ್ರ ಕಂಡಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಕ್ರಮವಿಧಿಗಳನ್ನು ಚಿತ್ರರೂಪದಲ್ಲಿ ತೋರಿಸುವ ಸಾಧನಗಳ ಕುರಿತ 24 ಪ್ರಯೋಗಗಳನ್ನು ಹಂಡ್‌ಹೌಸೆನ್, ಡಗ್ಲಸ್ ಮತ್ತು ಸ್ಟಾಸ್ಕೊ 2002ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಚಿತ್ರ ಏನನ್ನು ತೋರಿಸುತ್ತದೆ ಎಂಬುದಕ್ಕಿಂತ, ವಿದ್ಯಾರ್ಥಿ ಅದರೊಡನೆ ಏನು ಮಾಡುತ್ತಾನೆ ಎಂಬುದೇ ಹೆಚ್ಚು ಮುಖ್ಯವೆಂದು ಅವರು ಕಂಡುಕೊಂಡರು. ಮಗ್ಗ ಓಡುವುದನ್ನು ದಿನವಿಡೀ ನೋಡಿದವನು ನೇಕಾರನಾಗುವುದಿಲ್ಲವಷ್ಟೆ.

ಆದ್ದರಿಂದ ಮಕ್ಕಳ ಮುಂದೆ ಚಲಿಸುವ ಚಿತ್ರವನ್ನಿಟ್ಟು ಪೋಷಕರ ಹೊಣೆ ಮುಗಿಯಿತೆನ್ನಲಾಗದು. “ಮುಂದಿನ ಹೆಜ್ಜೆಯಲ್ಲಿ ಏನಾಗುತ್ತದೆ, ಹೇಳು” ಎಂದು ಕೇಳಬೇಕು. ಉತ್ತರ ಬಂದ ಮೇಲೆಯೇ ಗುಂಡಿ ಒತ್ತಿಸಬೇಕು. ಊಹೆಗೂ ಫಲಕ್ಕೂ ನಡುವಿನ ಅಂತರದಲ್ಲೇ ಕಲಿಕೆ ನಡೆಯುತ್ತದೆ. ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಯಾವ ಊರೂ ಪರ ಊರಲ್ಲ.